ಅವ್ವನ ಫೋನು

2024ನೆಯ ಇಸವಿಯ ಶ್ರಾವಣದಲ್ಲಿ ಒಂಬತ್ತು ದಿನಗಳ ಕಾಲ ನಮ್ಮ ಅವ್ವನ ಮುಖವು ನಮಗೆ ಕಾಣಿಸಲಿಲ್ಲ. ಅವ್ವ ಇರುವುದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ; ನಾವಿರುವುದು ಮುಂಬಯಿಯ ಮಗ್ಗುಲಿನ ಡೊಂಬಿವಲಿಯಲ್ಲಿ, ಎರಡು ಕೋಣೆಗಳ ಮನೆಯಲ್ಲಿ. ನಡುವೆ ಒಂದು ರಾತ್ರಿಯ ಪ್ರಯಾಣ. ಆದರೂ ದಿನವೂ ಸಂಜೆ ಏಳು ಗಂಟೆಗೆ, ದೇವರ ಮುಂದೆ ದೀಪ ಹಚ್ಚಿದ ಕೂಡಲೆ, ಆಕೆ ತನ್ನ ಸ್ಮಾರ್ಟ್‌ಫೋನಿನಿಂದ ನಮ್ಮನ್ನು ಕರೆಯುವುದು ರೂಢಿ. ಬರಿಯ ಮಾತಿನ ಕರೆಯಲ್ಲ, ಮುಖ ಕಾಣುವ ವಿಡಿಯೋ ಕರೆ. ಆ ಐದು ಹತ್ತು ನಿಮಿಷಗಳಲ್ಲಿ ನಮ್ಮ ಮಕ್ಕಳು ಅಜ್ಜಿಯ ಎಮ್ಮೆಯನ್ನು ಕಾಣುವರು, ನಿಂಬೆಯ ಗಿಡವನ್ನು ಕಾಣುವರು, ಒಲೆಯ ಮೇಲೆ ಉಬ್ಬಿದ ಜೋಳದ ರೊಟ್ಟಿಯನ್ನು ಕಂಡು ಬಾಯಲ್ಲಿ ನೀರೂರಿಸಿಕೊಳ್ಳುವರು. ಮುಂಬಯಿಯಲ್ಲಿ ಹುಟ್ಟಿದ ಈ ಮಕ್ಕಳಿಗೆ ಊರೆಂದರೆ ಬಹುಮಟ್ಟಿಗೆ ಆ ಗಾಜಿನ ಪರದೆಯೇ ಸರಿ.

ಆ ಸಲ ಪಂಚಮಿಗೆ ನಾವು ಊರಿಗೆ ಹೋಗಲಿಲ್ಲ. ಮಕ್ಕಳಿಗೆ ಪರೀಕ್ಷೆ, ನಮಗೆ ರಜೆಯಿಲ್ಲ, ಗಾಡಿಯಲ್ಲಿ ಸ್ಥಳವಿಲ್ಲ ಎಂದು ಮೂರು ಕಾರಣಗಳನ್ನು ಹೇಳಿದ್ದೆವು. ಅವುಗಳಲ್ಲಿ ಒಂದೇ ನಿಜವಾದದ್ದು. ಅವ್ವ ಅಳ್ಳು ಹುರಿದು, ಶೇಂಗಾ ಉಂಡಿ ಕಟ್ಟಿ ಕಾದಿದ್ದಳಂತೆ. ಹಬ್ಬದ ಮರುದಿನದಿಂದ ಏಳು ಗಂಟೆಯ ಕರೆಯು ನಿಂತುಹೋಯಿತು. ನಾವಾಗಿಯೇ ವಿಡಿಯೋ ಕರೆ ಮಾಡಿದರೆ ಅದು ಬಹಳ ಹೊತ್ತು ಹೊಡೆದುಕೊಂಡು ತಾನೇ ಸುಮ್ಮನಾಗುತ್ತಿತ್ತು. ಸಾದಾ ಕರೆ ಮಾಡಿದರೆ ಎತ್ತುವಳು. "ಆರಾಮ ಅದೀನಿ, ನೀವೂ ಆರಾಮ ಇರ್ರಿ" ಎಂದು ಎರಡು ಮಾತನಾಡಿ ಇಟ್ಟುಬಿಡುವಳು. ಅವ್ವ ಮುನಿದಿದ್ದಾಳೆ ಎಂದು ನಾವು ನಿಶ್ಚಯಿಸಿದೆವು. ನಮ್ಮ ಮನೆಯವರು ಮಾತ್ರ, "ಅತ್ತಿಯವರು ಸಿಟ್ಟಾದರೆ ಬಾಯಿ ಬಿಟ್ಟು ಬಯ್ಯತಾರ, ಹಿಂಗ ಸುಮ್ಮನಿರೂದಿಲ್ಲ" ಎಂದು ಹೇಳುತ್ತಲೇ ಇದ್ದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಅಪರಾಧವುಳ್ಳವನಿಗೆ ಎಲ್ಲೆಲ್ಲಿಯೂ ಮುನಿಸೇ ಕಾಣುವುದಷ್ಟೆ.

ಹತ್ತನೆಯ ದಿನ ನಮ್ಮ ಅಣ್ಣನ ಮಗನು ವಿಜಯಪುರದ ವಸತಿಗೃಹದಿಂದ ಊರಿಗೆ ಬಂದವನು ಅವ್ವನ ಫೋನನ್ನು ಕೈಗೆತ್ತಿಕೊಂಡನು; ಆಗ ಸಂಗತಿ ಬೆಳಕಿಗೆ ಬಂತು. ಅದರ ಹಿಂದಿನ ವರ್ಷ ಅವನೇ ಅಜ್ಜಿಗೆ ಫೋನು ಬಳಸುವುದನ್ನು ಕಲಿಸಿದ್ದನು. ಅವ್ವ ಮೂರನೆಯ ಇಯತ್ತೆಯವರೆಗೆ ಓದಿದವಳು; ಅಕ್ಷರ ಬಲ್ಲಳು, ಆದರೆ ಕನ್ನಡಕವಿಲ್ಲದೆ ಸಣ್ಣ ಚಿತ್ರಗಳು ಕಾಣಿಸವು. ಆದಕಾರಣ ಹುಡುಗನು ಒಂದು ಉಪಾಯ ಮಾಡಿದ್ದನು. ಕರೆಗಳ ಪಟ್ಟಿಯನ್ನು ತೆರೆಯುವ ಗುಂಡಿಯು ಪರದೆಯ ಮೇಲುಗಡೆ ಎಲ್ಲಿ ಬರುತ್ತದೆಯೋ ಅದರ ನೇರಕ್ಕೆ, ಫೋನಿನ ಅಂಚಿಗೆ, ಒಂದು ಕೆಂಪು ಟಿಕಳಿಯನ್ನು ಅಂಟಿಸಿದ್ದನು. "ಆಯಿ, ಟಿಕಳಿ ಕೆಳಗ ಒತ್ತು, ಕಾಕಾನ ಹೆಸರು ಬರತದ" ಎಂಬುದಷ್ಟೇ ಪಾಠ. ಒಂದು ವರ್ಷ ಆ ಪಾಠದಿಂದ ಕೆಲಸವು ನಿರಾತಂಕವಾಗಿ ನಡೆಯಿತು. ಪಂಚಮಿಯ ರಾತ್ರಿ ಫೋನು ಗೂಡಿನಲ್ಲಿ ಚಾರ್ಜಿಗೆ ಬಿದ್ದುಕೊಂಡಿದ್ದಾಗ ಆ್ಯಪು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಯಿತು. ಬೆಳಗಾಗುವುದರೊಳಗೆ ಮೇಲಿದ್ದ ಗುಂಡಿಗಳ ಸಾಲು ಕೆಳಕ್ಕೆ ಇಳಿದಿತ್ತು. ಟಿಕಳಿಯು ಇದ್ದಲ್ಲಿಯೇ ಇತ್ತು; ಅದರ ಕೆಳಗೆ ಏನೂ ಇರಲಿಲ್ಲ. ಸಾಲದುದಕ್ಕೆ, ಬಂದ ಕರೆಯನ್ನು ಎತ್ತಬೇಕಾದರೆ ಮೊದಲು ಮೇಲಕ್ಕೆ ಸವರಬೇಕಾಗಿದ್ದುದು ಈಗ ಒತ್ತಿದರೆ ಸಾಕೆಂದಾಗಿತ್ತು. ಅವ್ವ ಸವರುತ್ತಲೇ ಇದ್ದಳು.

ಆಕೆ ಏನೆಂದು ತಿಳಿದುಕೊಂಡಿದ್ದಳೆಂಬುದನ್ನು ಆಮೇಲೆ ಹೇಳಿದಳು. ನಾವು ಹಬ್ಬಕ್ಕೆ ಬರಲಿಲ್ಲ. ಮರುದಿನದಿಂದ ಮುಖವೂ ಕಾಣಲಿಲ್ಲ. "ನೀವ ಆ ಕಡಿಂದ ಬಾಗಲಾ ಹಾಕ್ಕೊಂಡೀರಿ ಅಂತ ತಿಳಿದಿದ್ದೆ, ತಮ್ಮಾ" ಎಂದಳು. ಸಾದಾ ಕರೆಯಲ್ಲಿ ಅದನ್ನು ಕೇಳಲು ಆಕೆಗೆ ಅಭಿಮಾನವು ಅಡ್ಡ ಬಂದಿತ್ತು. ನಾವು ಆಕೆ ಮುನಿದಳೆಂದುಕೊಂಡೆವು, ಆಕೆ ನಾವು ಕದವಿಕ್ಕಿಕೊಂಡೆವೆಂದುಕೊಂಡಳು. ಎಲ್ಲೋ ದೂರದ ಊರಿನಲ್ಲಿ ಕುಳಿತ ಯಾರೋ ಒಬ್ಬರು ಒಂದು ಸಾಲು ಗುಂಡಿಗಳನ್ನು ನಾಲ್ಕು ಅಂಗುಲ ಸರಿಸಿದ್ದರು, ಅಷ್ಟೆ.

ಆ ದಿನದಿಂದ ಈ ಅಪ್‌ಡೇಟು ಎಂಬುದನ್ನು ಕುರಿತು ನಾವು ಬಹಳವಾಗಿ ಯೋಚಿಸುತ್ತ ಬಂದಿದ್ದೇವೆ. ಈ ಶಾಲೆಯ ಹಳೆಯ ವಿದ್ಯಾರ್ಥಿಗಳೆಂಬ ಸಲುಗೆಯಿಂದ ಅದನ್ನು ಇಲ್ಲಿ ನಿಮ್ಮ ಮುಂದಿಡುತ್ತೇವೆ. ನಿಮ್ಮಲ್ಲಿಯೂ ಅನೇಕರ ಅಜ್ಜ ಅಜ್ಜಿಯರು ಊರಲ್ಲಿದ್ದಾರೆಂಬುದನ್ನು ಬಲ್ಲೆವು.

ಹಿಂದಿನ ಕಾಲದ ಸಾಧನಗಳಿಗೆ ಈ ಗುಣವಿರಲಿಲ್ಲ. ನಮ್ಮ ಅಪ್ಪನ ಕಚೇರಿಯಲ್ಲಿದ್ದ ಕರಿಯ ಟೆಲಿಫೋನು ಅವರು ಸೇರಿದ ದಿನ ಹೇಗಿತ್ತೋ ನಿವೃತ್ತರಾದ ದಿನವೂ ಹಾಗೆಯೇ ಇತ್ತು. ಅಂಚೆಯ ಡಬ್ಬಿಯು ರಾತ್ರೋರಾತ್ರಿ ತನ್ನ ಬಾಯನ್ನು ಬೆನ್ನಿಗೆ ಸರಿಸಿಕೊಂಡದ್ದನ್ನು ಯಾರೂ ಕಂಡಿಲ್ಲ. ಬದಲಾವಣೆ ಬಂದರೆ ಹೊಸ ವಸ್ತುವಾಗಿಯೇ ಬರುತ್ತಿತ್ತು. ಮುಖ ಕಾಣುವ ಟೆಲಿಫೋನನ್ನು 1964ರಲ್ಲಿಯೇ ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ ಜನಕ್ಕೆ ತೋರಿಸಿದ್ದರು. ಅದೇ ವರ್ಷ ಅಮೆರಿಕದ ಮೂರು ನಗರಗಳಲ್ಲಿ ಅದಕ್ಕಾಗಿ ಕಟ್ಟೆಗಳನ್ನೂ ತೆರೆದರು. ಮೂರು ನಿಮಿಷದ ಮಾತಿಗೆ 16 ಡಾಲರಿಗೆ ಕಡಮೆಯಿಲ್ಲದ ದರ. ಜನ ಹೋಗಲಿಲ್ಲ. ಆ ಯಂತ್ರವು ಕೊನೆಗೆ ಮೂಲೆ ಸೇರಿತಲ್ಲದೆ ತಾನಾಗಿ ಬೇರೊಂದು ಯಂತ್ರವಾಗಲಿಲ್ಲ. ಆದರೆ ನಮ್ಮ ಕೈಯಲ್ಲಿರುವ ಫೋನು ಹಾಗಲ್ಲ. ಕೊಂಡ ದಿನ ಅದಕ್ಕೆ ಇಲ್ಲದಿದ್ದ ವಿದ್ಯೆಯು ಮುಂದೊಂದು ದಿನ ತಾನಾಗಿ ಬರುತ್ತದೆ. ನಮ್ಮ ದೇಶದಲ್ಲಿ ಕೋಟ್ಯಂತರ ಜನರಿಗೆ ವಿಡಿಯೋ ಕರೆಯು ಬಂದದ್ದು ಹೀಗೆಯೇ: 2016ರ ನವೆಂಬರಿನಲ್ಲಿ ವಾಟ್ಸ್‌ಆ್ಯಪಿನ ಒಂದು ಅಪ್‌ಡೇಟಿನೊಡನೆ. ಹೊಸ ಫೋನು ಕೊಳ್ಳಲಿಲ್ಲ, ತಂತಿ ಎಳೆಯಲಿಲ್ಲ. ಒಂದು ಬೆಳಗ್ಗೆ ಹೆಸರಿನ ಪಕ್ಕದಲ್ಲಿ ಸಣ್ಣ ಕ್ಯಾಮೆರಾದ ಚಿತ್ರ ಮೂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಇಂಟರ್ನೆಟ್ಟಿನ ದರಗಳು ಕುಸಿದಿದ್ದುದರಿಂದ ಅದನ್ನು ಒತ್ತುವ ಧೈರ್ಯವೂ ಜನಕ್ಕೆ ಬಂದಿತ್ತು.

ಅಪ್‌ಡೇಟು ನಡೆಯುವ ಬಗೆಯೂ ಸೋಜಿಗದ್ದೇ. ಆಂಡ್ರಾಯ್ಡ್ ಫೋನುಗಳಲ್ಲಿ 2016ರ 7.0ನೆಯ ಆವೃತ್ತಿಯಿಂದ ಒಂದು ಏರ್ಪಾಡು ಬಂದಿದೆ. ಫೋನಿನ ಮೂಲ ಸಾಫ್ಟ್‌ವೇರಿಗೆ ಒಳಗೆ ಎರಡು ನೆಲೆಗಳು. ನಾವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಇನ್ನೊಂದರಲ್ಲಿ ಹೊಸದು ಸದ್ದಿಲ್ಲದೆ ಸಿದ್ಧವಾಗುತ್ತದೆ. ಫೋನನ್ನು ಆರಿಸಿ ಹೊತ್ತಿಸಿದಾಗ ಹೊಸದರೊಳಗೆ ಕಣ್ಣು ಬಿಡುತ್ತೇವೆ. ಒಂದು ತರಗತಿಯ ಕೋಣೆಯಲ್ಲಿ ಪಾಠ ನಡೆಯುತ್ತಿರುವಾಗ ಪಕ್ಕದ ಕೋಣೆಗೆ ಸುಣ್ಣ ಬಳಿದು, ಮರುದಿನ ಮಕ್ಕಳನ್ನು ಅಲ್ಲಿಗೆ ಕೂರಿಸಿದ ಹಾಗೆ. ಹೊಸ ಕೋಣೆಯಲ್ಲಿ ಏನಾದರೂ ಕೆಟ್ಟರೆ ಹಳೆಯ ಕೋಣೆಗೆ ಮರಳಬಹುದು. ಇದು ಬುದ್ಧಿವಂತಿಕೆಯ ಏರ್ಪಾಡೆಂದು ಒಪ್ಪತಕ್ಕದ್ದೇ. ಆ್ಯಪುಗಳ ರೀತಿ ಬೇರೆ. ಅವುಗಳ ಹೊಸ ರೂಪವನ್ನು ಎಲ್ಲರಿಗೂ ಒಂದೇ ದಿನ ಕೊಡದೆ, ಮೊದಲು ನೂರರಲ್ಲಿ ಕೆಲವರಿಗೆ ಕೊಟ್ಟು, ತೊಂದರೆ ಕಾಣದಿದ್ದರೆ ಉಳಿದವರಿಗೆ ಹಂಚುತ್ತಾರೆ. ಕೆಲವು ಬದಲಾವಣೆಗಳಂತೂ ಮುಂಚೆಯೇ ಒಳಗೆ ಬಂದು ಕುಳಿತಿದ್ದು, ಕಂಪೆನಿಯವರು ತಮ್ಮ ಕಡೆಯಿಂದ ಕೀಲಿ ತಿರುಗಿಸಿದ ದಿನ ಎದ್ದು ನಿಲ್ಲುತ್ತವೆ. ಆದ್ದರಿಂದಲೇ ಒಂದೇ ಮನೆಯಲ್ಲಿ ಗಂಡನ ಫೋನಿನಲ್ಲಿ ಗುಂಡಿ ಮೇಲಿದ್ದರೆ ಹೆಂಡತಿಯ ಫೋನಿನಲ್ಲಿ ಕೆಳಗಿರುವುದುಂಟು. ಅಣ್ಣನ ಮಗನು ವಸತಿಗೃಹದಿಂದ ಅಜ್ಜಿಗೆ ಸಾದಾ ಕರೆಯಲ್ಲಿ ದಾರಿ ಹೇಳಿಕೊಟ್ಟಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಅವನ ಫೋನಿನಲ್ಲಿ ಸಾಲು ಆಗಿನ್ನೂ ಇಳಿದಿರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಅಪ್‌ಡೇಟಿನ ವೈರಿಗಳೆಂದು ಭಾವಿಸಬೇಡಿರಿ. ಕನ್ನಡದವರು ಅದಕ್ಕೆ ಋಣಿಗಳಾಗಿರಬೇಕಾದ ಒಂದು ಸಂಗತಿಯುಂಟು. ನಮ್ಮ ಮೊದಲನೆಯ ಸ್ಮಾರ್ಟ್‌ಫೋನಿನಲ್ಲಿ ಕನ್ನಡದ ಅಕ್ಷರಗಳು ಕಾಣಿಸುತ್ತಿರಲಿಲ್ಲ. ಊರಿನಿಂದ ಅಣ್ಣ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರೆದು ಕಳುಹಿಸಿದ ಪತ್ರವು ನಮ್ಮ ಕೈಗೆ ಬರುವಾಗ ಖಾಲಿ ಚೌಕಗಳ ಸಾಲಾಗಿರುತ್ತಿತ್ತು: ಸಾಲಾಗಿ ಜೋಡಿಸಿದ ಬೆಂಕಿಪೆಟ್ಟಿಗೆಗಳಂತೆ. ಪೆಟ್ಟಿಗೆಗಳ ಸಂಖ್ಯೆಯನ್ನು ಎಣಿಸಿ ಪತ್ರವು ಉದ್ದವೋ ಗಿಡ್ಡವೋ ಎಂಬುದನ್ನು ಊಹಿಸಬಹುದಾಗಿತ್ತಷ್ಟೆ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ನೆಯ ಆವೃತ್ತಿಯು ಕನ್ನಡ, ತೆಲುಗು, ಮಲೆಯಾಳಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ನಮ್ಮ ಫೋನಿಗೆ ಅದು ತಲುಪಿದ್ದು ಮರುವರ್ಷ. ಆ ರಾತ್ರಿ ಫೋನು ಆರಿ ಹೊತ್ತಿತು. ಹಳೆಯ ಪತ್ರಗಳನ್ನು ತೆರೆದರೆ ಪೆಟ್ಟಿಗೆಗಳಿದ್ದ ಕಡೆಯಲ್ಲೆಲ್ಲ ಅಕ್ಷರಗಳು! ಒತ್ತಕ್ಷರಗಳು ಕೂಡ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿದ್ದವು. ಅಪ್ಪ ತೀರಿಕೊಳ್ಳುವ ಮುಂಚೆ ಅಣ್ಣನಿಂದ ಬರೆಸಿದ್ದ ಒಂದು ಪತ್ರವೂ ಅವುಗಳಲ್ಲಿತ್ತು. ಅದು ಬಂದಾಗ ಅಣ್ಣನನ್ನು ಕೇಳಿ ಸಾರಾಂಶವನ್ನು ತಿಳಿದಿದ್ದೆವೇ ಹೊರತು, ಓದಿರಲಿಲ್ಲ. ಅಂದು ಓದಿದೆವು. ಮಾವಿನ ಗಿಡಕ್ಕೆ ಗೊಬ್ಬರ ಹಾಕಿಸಿದ್ದು, ಎತ್ತು ಮಾರಿದ್ದು, ಕೊನೆಯಲ್ಲಿ "ನೀರು ಕಾಸಿ ಕುಡಿಯಿರಿ, ಮುಂಬಯಿ ನೀರು ನಂಬಲಾಗದು" ಎಂಬ ಎಚ್ಚರಿಕೆ, ವಿಶೇಷವೇನೂ ಇರಲಿಲ್ಲ. ಆದರೆ ಅದನ್ನು ನಮಗೆ ಓದಿಸಿದ್ದು ಒಂದು ಅಪ್‌ಡೇಟು ಎಂಬುದನ್ನು ನಾವು ಮರೆಯಲಾರೆವು.

2020ರ ಬೀಗಮುದ್ರೆಯ ದಿನಗಳಲ್ಲಿಯೂ ಹಾಗೆಯೇ ಆಯಿತು. ವಾಟ್ಸ್‌ಆ್ಯಪಿನ ಗುಂಪು ಕರೆಯಲ್ಲಿ ಅದುವರೆಗೆ ನಾಲ್ವರಿಗೆ ಮಾತ್ರ ಸ್ಥಳವಿತ್ತು. ಆ ವರ್ಷದ ಏಪ್ರಿಲಿನಲ್ಲಿ ಅದನ್ನು 8 ಮಂದಿಗೆ ಹೆಚ್ಚಿಸಿದರು. ನಾವು ಐವರು ಒಡಹುಟ್ಟಿದವರು. ನಾಲ್ಕರ ಮಿತಿಯಿದ್ದಾಗ ಅವ್ವನನ್ನು ಸೇರಿಸಿದರೆ ಇಬ್ಬರು ಹೊರಗುಳಿಯಬೇಕಾಗಿತ್ತು, ಮತ್ತು ಯಾರು ಉಳಿಯಬೇಕೆಂಬುದೇ ಒಂದು ವ್ಯಾಜ್ಯವಾಗುತ್ತಿತ್ತು. ಅದೇ ತಿಂಗಳು ಗೂಗಲ್ ಡ್ಯುವೋದವರು ಎವಿ1 ಎಂಬ ಹೊಸ ಕ್ರಮದಿಂದ ಚಿತ್ರವನ್ನು ಹಿಂದಿಗಿಂತ ಚಿಕ್ಕದಾಗಿ ಮಡಿಸಿ ಕಳುಹಿಸುವುದಾಗಿ ಸಾರಿದರು. ವಿಡಿಯೋ ಕರೆಯಲ್ಲಿ ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಕಳುಹಿಸುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಏನೇನು ಬದಲಾಯಿತೋ ಅದನ್ನು ಲೆಕ್ಕ ಹಾಕಿ ಅಷ್ಟನ್ನೇ ಕಳುಹಿಸುತ್ತಾರೆ. ಆ ಲೆಕ್ಕವು ಚುರುಕಾದರೆ, ಅದೇ ಬಡಕಲು ಸಿಗ್ನಲ್ಲಿನಲ್ಲಿ, ಅದೇ ಹಳ್ಳಿಯಲ್ಲಿ, ಮುಖವು ಹಿಂದಿಗಿಂತ ತಿಳಿಯಾಗಿ ಕಾಣುತ್ತದೆ. ಇನ್ನೊಂದು: ಐಫೋನಿಗೆ 2020ರಲ್ಲಿ ಬಂದ ಐಓಎಸ್ 14ರ ಗುಂಪು ಕರೆಯಲ್ಲಿ ಯಾರಾದರೂ ಕೈಸನ್ನೆಯ ಭಾಷೆಯಲ್ಲಿ ಮಾತನಾಡತೊಡಗಿದರೆ ಅವರ ಚಿತ್ರವನ್ನು ಯಂತ್ರವೇ ಗುರುತಿಸಿ ದೊಡ್ಡದು ಮಾಡುತ್ತದೆ. ಕಿವಿ ಕೇಳದವರು ಗುಂಪಿನಲ್ಲಿ ಮೂಲೆಗೆ ಬೀಳಬಾರದೆಂಬುದು ಯಾರಿಗೋ ಹೊಳೆಯಿತಲ್ಲ!

ಆದರೆ ಎಲ್ಲ ಹೊಳಹುಗಳೂ ಹೀಗೆ ಹಿತಕರವಾಗಿರುವುದಿಲ್ಲ. ನಮ್ಮ ಸೋದರಮಾವ ತೀರಿಕೊಂಡಾಗ ಪುಣೆಯಲ್ಲಿರುವ ಅವರ ಮಗನು ವಿಡಿಯೋ ಕರೆಯಲ್ಲಿ ಬಂದನು. ಅವ್ವ ಆಗ ನಮ್ಮಲ್ಲಿಯೇ ಇದ್ದಳು. ತಮ್ಮನ ಕೊನೆಯ ದಿನಗಳ ಸಂಗತಿಯನ್ನು ಆಕೆ ಕೇಳಿದಳು. ಅವನು ಅಳುವನ್ನು ನುಂಗಿಕೊಂಡು, "ಎರಡ ದಿನಾ, ಅತ್ತಿ, ಎರಡ ದಿನದಾಗ ಎಲ್ಲಾ ಮುಗೀತು" ಎಂದು ಎರಡು ಬೆರಳುಗಳನ್ನು ಎತ್ತಿ ತೋರಿಸಿದನು. ಒಡನೆಯೇ ಅವನ ಮುಖದ ಸುತ್ತಲೂ ಬಣ್ಣಬಣ್ಣದ ಬಲೂನುಗಳು ಮೇಲೇಳತೊಡಗಿದವು. ಅವನ ಫೋನಿಗೆ ಹೊಸದಾಗಿ ಬಂದಿದ್ದ ಅಪ್‌ಡೇಟು ಬೆರಳ ಸನ್ನೆಯನ್ನು ಗುರುತಿಸುವ ವಿದ್ಯೆಯನ್ನು ಕಲಿತಿತ್ತು. ಎರಡು ಬೆರಳು ಎಂದರೆ ಸಂತೋಷ ಎಂಬುದು ಅದರ ವ್ಯಾಕರಣ. ಅವನಿಗೆ ಅದನ್ನು ನಿಲ್ಲಿಸುವುದು ಹೇಗೆಂದು ತಿಳಿಯದು, ನಮಗೂ ತಿಳಿಯದು. ಬಲೂನುಗಳು ನಿಧಾನವಾಗಿ ಮೇಲೆದ್ದು ಮರೆಯಾಗುವವರೆಗೆ ಯಾರೂ ಮಾತನಾಡಲಿಲ್ಲ. ಆ ಸನ್ನೆಯ ಏರ್ಪಾಡನ್ನು ಆರಿಸುವ ಗುಂಡಿಯೊಂದು ಕರೆ ನಡೆಯುತ್ತಿರುವಾಗ ಮಾತ್ರ ಕೈಗೆ ಸಿಗುವ ಒಂದು ಮೂಲೆಯಲ್ಲಿದೆಯೆಂದು ಅವನಿಗೆ ಆಮೇಲೆ ಗೊತ್ತಾಯಿತು. ಬೇಕೆಂದವರು ಹೊತ್ತಿಸಿಕೊಳ್ಳಲಿ ಎಂದು ಬಿಡದೆ, ಬೇಡವೆಂದವರು ಹುಡುಕಿ ಆರಿಸಲಿ ಎಂದು ಬಿಟ್ಟದ್ದು ನಮ್ಮ ದೃಷ್ಟಿಯಲ್ಲಿ ಅವಿವೇಕ. ಕುತೂಹಲದ ಸಂಗತಿಯೆಂದರೆ, ಅವ್ವನಿಗೆ ಬಲೂನುಗಳು ಕಂಡದ್ದೇ ಬೇರೆ ಬಗೆಯಲ್ಲಿ. "ಹೂ ಹಾರಸಿದರೇನೋ" ಎಂದು ಆಕೆ ಕಣ್ಣೊರೆಸಿಕೊಂಡಳು. ನಾವು ತಿದ್ದಲಿಲ್ಲ.

ಹಾಗಾದರೆ ಅಪ್‌ಡೇಟೇ ಬೇಡವೆಂದು ತಡೆದುಬಿಡಬಾರದೇಕೆ? ನಾವೂ ಕೆಲಕಾಲ ಹಾಗೆಯೇ ಮಾಡಿದೆವು. ಅವ್ವನ ಫೋನಿನಲ್ಲಿ ತಾನಾಗಿ ಆಗುವುದನ್ನು ನಿಲ್ಲಿಸಿ, ಗೆದ್ದವರಂತೆ ಕುಳಿತೆವು. ಅದು ತಪ್ಪೆಂದು ತೋರಿಸಿಕೊಟ್ಟವನು ಅಣ್ಣನ ಮಗ. ಅವನು ಹೇಳಿದ ಕಥೆಯ ನಾಯಕನು ನಿಮ್ಮ ವಯಸ್ಸಿನವನೇ ಆದದ್ದರಿಂದ ಇಲ್ಲಿ ಹೇಳತಕ್ಕದ್ದು. 2019ರ ಜನವರಿಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ 14 ವರ್ಷದ ಹುಡುಗನೊಬ್ಬನು ಆಟಕ್ಕಾಗಿ ಗೆಳೆಯರನ್ನು ಐಫೋನಿನ ಫೇಸ್‌ಟೈಮಿನಲ್ಲಿ ಗುಂಪಾಗಿ ಕರೆಯುತ್ತಿದ್ದಾಗ, ಆ ಕಡೆಯವನು ಕರೆಯನ್ನು ಎತ್ತುವ ಮೊದಲೇ ಅವನ ಕೋಣೆಯ ಮಾತುಗಳು ತನಗೆ ಕೇಳಿಬರುವುದನ್ನು ಕಂಡನು. ಗುಂಪು ಕರೆಯೆಂಬುದು ಅದಕ್ಕೆ ಮೂರು ತಿಂಗಳ ಹಿಂದೆ, 2018ರ ಅಕ್ಟೋಬರಿನ ಅಪ್‌ಡೇಟಿನಲ್ಲಿ ಬಂದಿತ್ತು. ಅದರೊಡನೆ ಈ ಕಿಂಡಿಯೂ ಬಂದಿತ್ತು. ಹುಡುಗನ ತಾಯಿ ಆ್ಯಪಲ್ ಕಂಪೆನಿಗೆ ತಿಳಿಸಲು ಒಂದು ವಾರಕ್ಕೂ ಮೇಲ್ಪಟ್ಟು ಪ್ರಯತ್ನಪಟ್ಟರು. ಸುದ್ದಿ ಹರಡಿದ ಮೇಲೆ ಕಂಪೆನಿಯವರು ಗುಂಪು ಕರೆಯನ್ನೇ ನಿಲ್ಲಿಸಿ, ಫೆಬ್ರವರಿ 7ರಂದು ಹೊಸ ಅಪ್‌ಡೇಟಿನಲ್ಲಿ ಕಿಂಡಿಯನ್ನು ಮುಚ್ಚಿದರು. ಹುಡುಗನ ಹೆಸರನ್ನು ಪ್ರಕಟಿಸಿ ಅವನ ವಿದ್ಯಾಭ್ಯಾಸಕ್ಕೆ ನೆರವಾಗುವುದಾಗಿಯೂ ಹೇಳಿದರು. ನಮ್ಮಂತೆ ಅಪ್‌ಡೇಟನ್ನು ತಡೆದು ಕುಳಿತವರ ಫೋನಿನಲ್ಲಿ ಇಂತಹ ಕಿಂಡಿಗಳು ತೆರೆದೇ ಉಳಿಯುತ್ತವೆ. ಕ್ಯಾಮೆರಾ ತೆರೆದಿರುವಾಗ ಪರದೆಯ ಮೇಲಂಚಿನಲ್ಲಿ ಮೂಡುವ ಹಸಿರು ಚುಕ್ಕೆಯೂ ಅಪ್‌ಡೇಟಿನಿಂದಲೇ ಬಂದದ್ದು: ಐಫೋನಿಗೆ 2020ರಲ್ಲಿ, ಆಂಡ್ರಾಯ್ಡಿಗೆ 2021ರ 12ನೆಯ ಆವೃತ್ತಿಯಲ್ಲಿ. ನಿಮ್ಮ ಮನೆಯ ಫೋನಿನಲ್ಲಿ ನೋಡಿರಿ. ನೀವು ಕರೆ ಮಾಡದಿರುವಾಗ ಆ ಚುಕ್ಕೆ ಕಂಡರೆ, ಯಾವ ಆ್ಯಪು ಇಣುಕುತ್ತಿದೆಯೆಂದು ಕೂಡಲೆ ವಿಚಾರಿಸಿರಿ.

ಆದಕಾರಣ ಅವ್ವನ ಫೋನಿನಲ್ಲಿ ಅಪ್‌ಡೇಟನ್ನು ಮತ್ತೆ ತೆರೆದೆವು. ಆಗ ತಿಳಿದುದೇನೆಂದರೆ, ಫೋನಿನ ಮೂಲ ಸಾಫ್ಟ್‌ವೇರಿಗೆ ಅಪ್‌ಡೇಟು ಬರುವುದು ನಿಂತೇ ಎರಡು ವರ್ಷವಾಗಿತ್ತು. ತಯಾರಿಸಿದವರು ಇಷ್ಟು ವರ್ಷವೆಂದು ಗೊತ್ತು ಮಾಡಿ ಕೈಬಿಡುತ್ತಾರೆ. ಈಚೆಗೆ ಕೆಲವರು, ಗೂಗಲಿನವರು 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗಿನವರು 2024ರ ಗ್ಯಾಲಕ್ಸಿ ಎಸ್24ಕ್ಕೆ, 7 ವರ್ಷಗಳ ಮಾತು ಕೊಟ್ಟಿದ್ದಾರೆ. ಆದರೆ ಅವು ಬೆಲೆಯುಳ್ಳ ಫೋನುಗಳು, ಅವ್ವನ ಗೂಡಿಗೆ ಬರುವಂಥವಲ್ಲ. ಆ್ಯಪುಗಳಾದರೂ ಶಾಶ್ವತವೆ? ಡ್ಯುವೋ 2022ರಲ್ಲಿ ಮೀಟ್ ಎಂಬುದರಲ್ಲಿ ಕರಗಿತು. ಪರದೇಶದಲ್ಲಿದ್ದ ಮಕ್ಕಳ ಮುಖವನ್ನು ಒಂದು ಪೀಳಿಗೆಯ ತಾಯಂದಿರಿಗೆ ತೋರಿಸಿದ ಸ್ಕೈಪ್, 2003ರಲ್ಲಿ ಹುಟ್ಟಿ, 2025ರ ಮೇ 5ರಂದು ಕಣ್ಣು ಮುಚ್ಚಿತು. ಅವ್ವನ ಫೋನಿನ ಪರದೆಯ ಮೇಲೂ ಒಂದು ದಿನ ನೋಟೀಸು ಬಂತು: ಇಂತಹ ದಿನದಿಂದ ಈ ಫೋನಿನಲ್ಲಿ ಕರೆಯ ಆ್ಯಪು ನಡೆಯುವುದಿಲ್ಲ ಎಂದು. ಫೋನು ಕೆಟ್ಟಿರಲಿಲ್ಲ, ಒಡೆದಿರಲಿಲ್ಲ; ಬ್ಯಾಟರಿ ಕೂಡ ದಿನವಿಡೀ ಬರುತ್ತಿತ್ತು. "ಹಾಲು ಕೊಡೂ ಎಮ್ಮೀನ ಯಾರಾರ ಹೊಡದು ಹಾಕತಾರೇನು?" ಎಂದು ಅವ್ವ ಕೇಳಿದಳು. ಉತ್ತರ ನಮ್ಮಲ್ಲಿರಲಿಲ್ಲ, ಈಗಲೂ ಇಲ್ಲ.

2025ರ ದೀಪಾವಳಿಗೆ ನಾವೇ ಹೊಸ ಫೋನನ್ನು ಕೊಂಡು ಊರಿಗೆ ಹೋದೆವು. ಈ ಸಲ ಗಾಡಿಯಲ್ಲಿ ಸ್ಥಳ ಸಿಕ್ಕಿತು. ಮೊದಲೇ ಪ್ರಯತ್ನಿಸಿದರೆ ಸಿಗುತ್ತದೆ. ಅಣ್ಣನ ಮಗನು ಕುಳಿತು ಹೊಸ ಫೋನಿಗೆ ಕನ್ನಡವನ್ನು ಹಾಕಿದನು. ನಮ್ಮೆಲ್ಲರ ಮುಖಗಳನ್ನು ಪರದೆಯ ಮೊದಲನೆಯ ಪುಟಕ್ಕೆ ತಂದು, ಮುಖವನ್ನೇ ಒತ್ತಿದರೆ ಕರೆಗೆ ದಾರಿ ತೆರೆಯುವಂತೆ ಮಾಡಿದನು. ಆ್ಯಪಿನೊಳಗೆ ಗುಂಡಿಗಳು ಎಲ್ಲಿಗೆ ಓಡಿದರೂ ಆ ಪುಟವು ಸಾಧಾರಣವಾಗಿ ಓಡುವುದಿಲ್ಲವಂತೆ. ಅದಾದ ಮೇಲೂ ಅವ್ವ ಸುಮ್ಮನಿರಲಿಲ್ಲ. ಹಳೆಯ ಫೋನಿನ ಅಂಚಿನಿಂದ ಟಿಕಳಿಯನ್ನು ಉಗುರಿನಿಂದ ಬಿಡಿಸಿ, ಅದು ಅಂಟದೆ ಹೋದದ್ದರಿಂದ ತನ್ನ ಪಾಕೀಟಿನಿಂದ ಹೊಸದೊಂದನ್ನು ತೆಗೆದು, ನಮ್ಮ ಮುಖದ ನೇರಕ್ಕೆ ಫೋನಿನ ಅಂಚಿಗೆ ಹಚ್ಚಿದಳು.

ಡೊಂಬಿವಲಿಗೆ ಮರಳಿದ ದಿನ ಸಂಜೆ ಏಳು ಗಂಟೆಗೆ ಸರಿಯಾಗಿ ಕರೆ ಬಂತು. ಎತ್ತಿದೆವು. ಪರದೆಯ ತುಂಬ ನಮ್ಮ ಊರ ಮನೆಯ ಜಂತಿಗಳು, ತಿರುಗುತ್ತಿರುವ ಪಂಕ, ಒಂದು ಮೂಲೆಯಲ್ಲಿ ಅವ್ವನ ಹಣೆಯ ಚೂರು.

"ಕಾಣಾಕತ್ತೀನೇನೋ, ತಮ್ಮಾ?"

"ಕಾಣಾಕತ್ತೀಯವ್ವಾ" ಎಂದೆವು.